ಕೆಂಪು ಬಿಂದಿ ಎಲ್ಲಿ, ಹಸಿರು ಬಿಂದಿ ಎಲ್ಲಿ: ಮನೆ ವೈರಿಂಗಿನ ತಪ್ಪು ವಿಂಗಡಿಸಿ ಸರಿಮಾಡುವುದು

ಮೇಷ್ಟ್ರು ನನ್ನನ್ನು ಕರೆಸಿದ್ದು ಜಗಲಿಯ ಸಲುವಾಗಿ. ಸಾಗರದಿಂದ ಹನ್ನೆರಡು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಮೇಲ್ಗಡೆ ಅವರ ಹಳೇ ಮನೆ. ಡಿಸೆಂಬರಿನಲ್ಲಿ ಮಗಳ ಮದುವೆ. ಜಗಲಿಯ ಗೋಡೆ ಮೇಲೆ ಮರದ ಪಟ್ಟಿಯೊಳಗೆ ಓಡಿಸಿದ ವೈರು, ಕಪ್ಪು ದುಂಡು ಸ್ವಿಚ್ಚು. "ಬೀಗರು ಬಂದ್ರೆ ಮೊದಲು ಕಾಣೋದು ಇದೇ ಮಾರಾಯ. ಮಳೆ ಹಿಡಿಯೋದ್ರೊಳಗೆ ಕಿತ್ತು ಹೊಸದು ಮಾಡು" ಅಂದರು. ಆಗ ಮೇ ತಿಂಗಳ ಕೊನೆ.

ನಾನು ಜಗಲಿ ಒಂದನ್ನೇ ನೋಡಿ ಹೋಗುವವನಲ್ಲ. ಕೆಲಸ ಹಿಡಿಯುವ ಮೊದಲು ಇಡೀ ಮನೆ ತಪಾಸಣೆ ಮಾಡುತ್ತೇನೆ, ಅರ್ಧ ದಿನ ಹೋಗುತ್ತದೆ. ಹದಿನೇಳು ತಪ್ಪು ಸಿಕ್ಕವು. ಮೇಷ್ಟ್ರಿಗೆ ನಾಚಿಕೆ ತಂದ ಜಗಲಿ ಆ ಪಟ್ಟಿಯಲ್ಲಿ ಹದಿನಾಲ್ಕನೆಯದು. ಮೊದಲನೆಯದು ಹೊಸ ಬಚ್ಚಲುಮನೆ. ಎರಡು ವರ್ಷದ ಹಿಂದೆ ಟೈಲ್ಸ್ ಹಾಕಿಸಿ, ಬಿಳಿ ಮಾಡ್ಯುಲರ್ ಸ್ವಿಚ್ಚು ಕೂರಿಸಿ, ಮನೆಯಲ್ಲೇ ಚಂದ ಕಾಣುವ ಜಾಗ ಅದು.

ಆ ಹದಿನೇಳನ್ನು ಹೇಗೆ ಬೇರ್ಪಡಿಸಿದೆ, ಯಾವುದನ್ನು ಮೊದಲು ಸರಿಮಾಡಿದೆ ಅಂತ ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಗೆ ವೈರ್‌ಮನ್ ಬಂದಾಗ ಏನು ಕೇಳಬೇಕು ಅನ್ನೋದು ಇದರಿಂದ ಗೊತ್ತಾದೀತು.

ಬಿಂದಿ ಲೆಕ್ಕ

ನನ್ನ ಚೀಲದಲ್ಲಿ ಟೆಸ್ಟರ್, ಮೀಟರ್, ಮೆಗ್ಗರ್ ಜೊತೆಗೆ ನಾಲ್ಕು ಪ್ಯಾಕೆಟ್ ಬಿಂದಿ ಇರುತ್ತದೆ. ಹೆಂಗಸರು ಹಣೆಗೆ ಅಂಟಿಸುವ ಸ್ಟಿಕರ್ ಬಿಂದಿಯೇ, ಫ್ಯಾನ್ಸಿ ಸ್ಟೋರಿನದು. ಕೆಂಪು ಅಂದರೆ ಇವತ್ತೇ. ಹಳದಿ ಅಂದರೆ ಈ ವಾರ. ಹಸಿರು ಅಂದರೆ ದುಡ್ಡು, ಪುರುಸೊತ್ತು ಆದಾಗ. ಕಪ್ಪು ಅಂದರೆ ನನಗೇ ಇನ್ನೂ ಪೂರ್ತಿ ಗೊತ್ತಾಗಿಲ್ಲ, ಬಿಚ್ಚಿ ನೋಡಬೇಕು. ತಪ್ಪು ಸಿಕ್ಕ ಜಾಗದಲ್ಲೇ ಅಂಟಿಸಿಬಿಡುತ್ತೇನೆ. ಕಾಗದದ ಪಟ್ಟಿ ಕಳೆದುಹೋಗುತ್ತದೆ, ಗೀಸರ್ ಸ್ವಿಚ್ಚಿನ ಮೇಲಿನ ಕೆಂಪು ಬಿಂದಿ ಕಳೆಯಲ್ಲ.

ಇದು ಪೂರ್ತಿ ನನ್ನ ತಲೆಯಿಂದ ಬಂದದ್ದಲ್ಲ. ಅಕ್ಕನ ಮಗ ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಅಲ್ಲಿ ಬಾಡಿಗೆ ಮನೆಯ ವೈರಿಂಗನ್ನು ಹೆಚ್ಚೆಂದರೆ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಲೇಬೇಕು, 2020ರಿಂದ ಕಾನೂನೇ ಇದೆ. ಅವನ ಮನೆಯ ವರದಿಯನ್ನು ವಾಟ್ಸಾಪಿನಲ್ಲಿ ಕಳಿಸಿದ್ದ. ಪ್ರತಿ ತಪ್ಪಿನ ಮುಂದೆ ಒಂದು ಗುರುತು. ಸಿ1 ಅಂದರೆ ಅಪಾಯ ಈಗಲೇ ಇದೆ. ಸಿ2 ಅಂದರೆ ಅಪಾಯ ಆಗಬಹುದು. ಸಿ3 ಅಂದರೆ ಸುಧಾರಿಸಿದರೆ ಒಳ್ಳೆಯದು. ಎಫ್‌ಐ ಅಂದರೆ ಇನ್ನೂ ಪರೀಕ್ಷೆ ಬೇಕು. ಸಿ3 ಬಿಟ್ಟು ಉಳಿದದ್ದಕ್ಕೆ ಮನೆ ಮಾಲೀಕ 28 ದಿನದೊಳಗೆ ಕ್ರಮ ತಗೊಳ್ಳಬೇಕು. ನೋಡಿ ಖುಷಿಯಾಯಿತು. ನಮ್ಮ ಕಡೆ ವೈರ್‌ಮನ್ ಬಂದರೆ "ಎಲ್ಲಾ ಹಾಳಾಗಿದೆ, ಪೂರ್ತಿ ಬದಲಾಯಿಸ್ಬೇಕು" ಅನ್ನುತ್ತಾನೆ, ಇಲ್ಲಾಂದ್ರೆ "ಏನೂ ತೊಂದ್ರೆ ಇಲ್ಲ ಬಿಡಿ" ಅನ್ನುತ್ತಾನೆ. ನಡುವೆ ಏನೂ ಇಲ್ಲ.

ಬಣ್ಣ ಯಾವುದು ಅಂತ ನಿರ್ಧರಿಸಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಒಬ್ಬರಿಗೆ ಶಾಕ್ ಹೊಡೆಯಬೇಕಾದರೆ ಅಥವಾ ಬೆಂಕಿ ಹತ್ತಬೇಕಾದರೆ ಇನ್ನೆಷ್ಟು ತಪ್ಪಾಗಬೇಕು? ಇನ್ನೇನೂ ಆಗಬೇಕಿಲ್ಲ, ಸುಮ್ನೆ ಕೈ ಇಟ್ಟರೆ ಸಾಕು ಅಂದರೆ ಕೆಂಪು. ಇನ್ನೊಂದು ಏನಾದರೂ ಕೈಕೊಡಬೇಕು ಅಂದರೆ ಹಳದಿ. ಎರಡು ಮೂರು ಒಟ್ಟಿಗೆ ಕೆಡಬೇಕು ಅಂದರೆ ಹಸಿರು. ಹಳೇದೋ ಹೊಸದೋ, ಚಂದವೋ ವಿಕಾರವೋ, ಅದು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಒಂದು ಎಚ್ಚರ ಬೇಕು. ತಪ್ಪುಗಳನ್ನು ಒಂದೊಂದಾಗಿ ನೋಡಿದರೆ ಹಳದಿ ಅನ್ನಿಸುವ ಎರಡು, ಒಂದೇ ಮನೆಯಲ್ಲಿ ಸೇರಿದರೆ ಕೆಂಪಾಗುತ್ತವೆ. ಮೇಷ್ಟ್ರ ಬಚ್ಚಲಿನಲ್ಲಿ ಆದದ್ದು ಅದೇ.

ನೋಡುವ ಕ್ರಮ

ಮೊದಲು ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತೇನೆ. ತಮಾಷೆಗೆ ಹೇಳುತ್ತಿಲ್ಲ. ಮನೆಯ ಅಮ್ಮನಿಗೆ ಗೊತ್ತಿರುವಷ್ಟು ಯಜಮಾನರಿಗೆ ಗೊತ್ತಿರುವುದಿಲ್ಲ. "ಎಲ್ಲಾದ್ರೂ ಜುಮ್ ಅನ್ನತ್ತಾ? ಯಾವ ಪ್ಲಗ್ಗು ಬಿಸಿ ಆಗತ್ತೆ? ಸುಟ್ಟ ವಾಸನೆ, ಮೀನಿನ ಥರ ವಾಸನೆ ಬರತ್ತಾ? ಲೈಟು ಒಮ್ಮೆ ಜೋರು ಒಮ್ಮೆ ಮಂಕು ಆಗತ್ತಾ?" ಈ ನಾಲ್ಕನ್ನು ತಪ್ಪದೇ ಕೇಳುತ್ತೇನೆ. ಬಿಸಿಯಾದ ಪ್ಲಾಸ್ಟಿಕ್ಕು ಕೆಲವೊಮ್ಮೆ ಹಸಿ ಮೀನಿನ ಹಾಗೇ ನಾರುತ್ತದೆ. ಶಾಕಾಹಾರಿ ಮನೆಯಲ್ಲಿ ಈ ಪ್ರಶ್ನೆಗೆ ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಮೇಷ್ಟ್ರ ಮನೆಯ ಅಮ್ಮ ಅಂದರು, "ಬಚ್ಚಲಲ್ಲಿ ನಲ್ಲಿ ಮುಟ್ಟಿದ್ರೆ ಒಂಚೂರು ಜುಮ್ ಅನ್ನತ್ತೆ ಕಣಪ್ಪ. ಚಳಿಗೆ ಇರ್ಬೇಕು ಅಂದ್ಕೊಂಡಿದ್ದೆ." ಮೇ ತಿಂಗಳಲ್ಲೂ ಜುಮ್ ಅನ್ನುತ್ತಿತ್ತಂತೆ. ಅಲ್ಲೇ ಎದ್ದು ಹೋಗಿ ಗೀಸರ್ ಆಫ್ ಮಾಡಿ, ಪ್ಲಗ್ ಕಿತ್ತು, ಮೊದಲ ಕೆಂಪು ಬಿಂದಿ ಅಂಟಿಸಿದೆ.

ಆಮೇಲೆ ಕಣ್ಣಿನ ಕೆಲಸ. ಮೀಟರ್ ಬೋರ್ಡಿನಿಂದ ಶುರುಮಾಡಿ ಡಿಬಿ (ಕೋಣೆಗಳಿಗೆ ಕರೆಂಟು ಹಂಚುವ ಪೆಟ್ಟಿಗೆ), ಒಂದೊಂದು ಕೋಣೆ, ಅಟ್ಟ, ಕೊಟ್ಟಿಗೆ, ಪಂಪ್‌ಸೆಟ್ಟು, ಕೊನೆಗೆ ಅಂಗಳದ ಅರ್ಥ್ ಪಿಟ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಗುಂಡಿ. ಕಂದು ಕಲೆ, ಕರಗಿದ ಅಂಚು, ಇರುವೆ ಗೂಡು, ಇಲಿ ಹಿಕ್ಕೆ, ನೀರಿಳಿದ ಗೆರೆ ಹುಡುಕುತ್ತೇನೆ.

ಮೂರನೆಯದು ಅಳತೆ. ಪ್ರತಿ ಮೂರು ಪಿನ್ ಸಾಕೆಟ್ಟಿನಲ್ಲಿ ಮೂರು ಅಂಕಿ ಬರೆದುಕೊಳ್ಳಬೇಕು. ಫೇಸ್ (ಕರೆಂಟು ಬರುವ ವೈರು) ಮತ್ತು ನ್ಯೂಟ್ರಲ್ (ಅದು ವಾಪಸ್ ಹೋಗುವ ವೈರು) ನಡುವೆ, ಫೇಸ್ ಮತ್ತು ಅರ್ಥ್ ನಡುವೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ. ಅಡುಗೆಮನೆಯಲ್ಲಿ 228, 226, 2 ವೋಲ್ಟ್ ಬಂತು. ಸರಿಯಾಗಿದೆ. ಮೊದಲೆರಡು ಹತ್ತಿರ ಹತ್ತಿರ ಇರಬೇಕು, ಮೂರನೆಯದು ಒಂದಂಕಿಯಲ್ಲೇ ಇರಬೇಕು. ಬಚ್ಚಲಿನ ಸಾಕೆಟ್ಟಿನಲ್ಲಿ ಮೊದಲನೆಯದು 227. ಎರಡನೆಯದು ನಿಲ್ಲಲೇ ಇಲ್ಲ, 70, 64, 81 ಅಂತ ಓಡಾಡುತ್ತಿತ್ತು. ಅಂಕಿ ಹೀಗೆ ಅಲೆದಾಡಿದರೆ ಆ ಅರ್ಥ್ ತೂತು ಎಲ್ಲಿಗೂ ಸೇರಿಲ್ಲ ಅಂತಲೇ ತಿಳಿಯಬೇಕು.

ಬರೀ ನಿಯಾನ್ ಟೆಸ್ಟರ್ ನಂಬಿ ತಪಾಸಣೆ ಮಾಡುವವರನ್ನು ನಾನು ನಂಬುವುದಿಲ್ಲ. ಟೆಸ್ಟರ್ ಫೇಸ್ ಇದೆ ಅಂತ ಹೇಳೀತು, ಅಷ್ಟೇ. ನ್ಯೂಟ್ರಲ್ ತುಂಡಾಗಿದೆಯಾ, ಅರ್ಥ್ ಇದೆಯಾ, ಅದಕ್ಕೆ ಗೊತ್ತಾಗಲ್ಲ.

ಬಚ್ಚಲಿನ ಕೆಂಪು

ಸಾಕೆಟ್ ಬಿಚ್ಚಿದೆ. ಎರಡೇ ವೈರು. ಟೈಲ್ಸ್ ಹಾಕುವಾಗ ಪೈಪು ಬಿಗಿಯಾಗಿ ಮೂರನೇ ವೈರು ಹೋಗಿಲ್ಲ, ಅರ್ಥ್ ಎಳೆಯದೆ ಬಿಟ್ಟಿದ್ದಾರೆ. ಮುಂದೆ ಚಂದದ ಮೂರು ಪಿನ್ ಸಾಕೆಟ್ಟು, ಹಿಂದೆ ಎರಡು ವೈರು. ಹೊರಗಿನಿಂದ ದೇವರಿಗೂ ಗೊತ್ತಾಗಲ್ಲ.

ಗೀಸರ್ ಹೀಟಿಂಗ್ ಎಲಿಮೆಂಟಿಗೆ ಮೆಗ್ಗರ್ ಹಾಕಿದೆ. ಮೆಗ್ಗರ್ ಅಂದರೆ 500 ವೋಲ್ಟ್ ಒತ್ತಡ ಕೊಟ್ಟು ಇನ್ಸುಲೇಶನ್ ಎಷ್ಟು ಗಟ್ಟಿ ಇದೆ ಅಂತ ತೋರಿಸುವ ಮೀಟರ್. 1 ಮೆಗಾಓಮ್‌ಗಿಂತ ಜಾಸ್ತಿ ಇರಬೇಕು. ಇಲ್ಲಿ 0.02 ಬಂತು. ಅಂದರೆ ಎಲಿಮೆಂಟಿನಿಂದ ಕರೆಂಟು ಸೋರುತ್ತಿದೆ.

ಎಲಿಮೆಂಟು ಸೋರುವುದು ಒಂದು ತಪ್ಪು. ಅದು ಎಲ್ಲಾ ಮನೆಯಲ್ಲೂ ಒಂದು ದಿನ ಆಗುವಂಥದ್ದೇ. ಗಡಸು ನೀರಾದರೆ ಬೇಗ. ಅರ್ಥ್ ಸರಿ ಇದ್ದಿದ್ದರೆ ಆ ಕರೆಂಟು ನೆಲಕ್ಕೆ ಹೋಗುತ್ತಿತ್ತು. ಅರ್ಥ್ ಇಲ್ಲದಿದ್ದರೂ ಡಿಬಿಯ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಿದ್ದು ಆಫ್ ಆಗುವ ಸ್ವಿಚ್ಚು) ಸರಿ ಇದ್ದಿದ್ದರೆ, ಮುಟ್ಟಿದವರ ಮೈಮೇಲೆ 30 ಮಿಲಿಆಂಪ್ ಹರಿಯುವ ಹೊತ್ತಿಗೆ ಕ್ಷಣದಲ್ಲಿ ಬೀಳುತ್ತಿತ್ತು. ಮೂರು ಕಾವಲಿತ್ತು ಅಲ್ವಾ? ಡಿಬಿ ತೆರೆದು ನೋಡಿದೆ. ಆರ್‌ಸಿಸಿಬಿ ಜಾಗದಲ್ಲೇ ಕೂತಿತ್ತು. ಟೆಸ್ಟ್ ಬಟನ್ ಒತ್ತಿದರೆ ಟಕ್ ಅಂತ ಬೀಳಲೂ ಬಿತ್ತು. ಆದರೆ ಮನೆಯ ಲೈಟು ಆರಲಿಲ್ಲ! ಮೇನ್ ಸ್ವಿಚ್ಚಿನಿಂದ ಎರಡು ವೈರು ನೇರವಾಗಿ ಎಂಸಿಬಿ (ಲೋಡು ಜಾಸ್ತಿಯಾದರೆ ಬೀಳುವ ಸ್ವಿಚ್ಚು) ಸಾಲಿಗೆ ಹೋಗಿದ್ದವು. ಯಾರೋ ಬೈಪಾಸ್ ಮಾಡಿ ಹೋಗಿದ್ದಾರೆ. ಇದು ಎರಡನೇ ಕೆಂಪು.

"ಹೋದ ಮಳೆಗಾಲ ಅದು ದಿನಾ ಬೀಳ್ತಿತ್ತು. ಕರೆಸಿದವ ಒಂದು ಗಂಟೇಲಿ ಸರಿಮಾಡಿ ಕೊಟ್ಟ" ಅಂದರು ಮೇಷ್ಟ್ರು. ಆ ಪುಣ್ಯಾತ್ಮ ಯಾರು ಅಂತ ನಾನು ಕೇಳಲಿಲ್ಲ.

ಸರಿಮಾಡಿದ್ದು ಹೀಗೆ. ಅವತ್ತೇ ಗೀಸರ್ ಪ್ಲಗ್ಗನ್ನು ಅಮ್ಮನ ಕೈಗೆ ಸಿಗದ ಹಾಗೆ ತಂತಿಯಲ್ಲಿ ಸುತ್ತಿ ಕಟ್ಟಿದೆ. ಒಂದೆರಡು ದಿನ ಹಂಡೆ ಒಲೆಗೆ ಸೌದೆ ಹಾಕಿ ಅಂದೆ. ಮಲೆನಾಡಿನ ಮನೆಗೆ ಅದೇನು ಕಷ್ಟವಲ್ಲ. ಮರುದಿನ ಡಿಬಿಯಿಂದ ಅಟ್ಟದ ಮೇಲೆ ಹಾಯಿಸಿ 2.5 ಸ್ಕ್ವೇರ್ ಎಂಎಂ ತಾಮ್ರದ ಮೂರು ವೈರು ತಂದೆ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಟೈಲ್ಸ್ ಒಡೆಯಲಿಲ್ಲ, ಮೂಲೆಯಲ್ಲಿ ಪಿವಿಸಿ ಪಟ್ಟಿ ಇಳಿಸಿದೆ. ಬಚ್ಚಲ ಹೊರಗೆ, ಒದ್ದೆ ಕೈ ತಲುಪದ ಕಡೆ, ಫೇಸು ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಡಬಲ್ ಪೋಲ್ ಸ್ವಿಚ್ ಹಾಕಿದೆ. 2000 ವಾಟಿನ ಗೀಸರ್ ಎಳೆಯುವುದು 9 ಆಂಪಿನ ಹತ್ತಿರ. 16 ಆಂಪ್ ಎಂಸಿಬಿ ಸಾಕು. ಎಲಿಮೆಂಟು, ಅದರ ರಬ್ಬರ್ ವಾಷರ್ ಬದಲಿಸಿ ಮತ್ತೆ ಮೆಗ್ಗರ್ ಹಾಕಿದೆ. ಆಮೇಲೇ ಬಿಂದಿ ಕಿತ್ತದ್ದು.

ಮಿಕ್ಸಿಯ ಮೇಲೆ ಬಂದ ಅಪವಾದ

ಬೈಪಾಸ್ ಕಿತ್ತು ಆರ್‌ಸಿಸಿಬಿ ಮತ್ತೆ ಜೋಡಿಸುವುದು ಹತ್ತು ನಿಮಿಷದ ಕೆಲಸ. ಅದು ಮಳೆಗಾಲದಲ್ಲಿ ಯಾಕೆ ಬೀಳುತ್ತಿತ್ತು ಅಂತ ಹುಡುಕದೆ ಜೋಡಿಸಿದರೆ, ಜುಲೈನಲ್ಲಿ ಮತ್ತೊಬ್ಬ ಪುಣ್ಯಾತ್ಮ ಬಂದು ಬೈಪಾಸ್ ಮಾಡುತ್ತಾನೆ. ಆದ್ದರಿಂದ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆರ್‌ಸಿಸಿಬಿ ಮಾಡುವುದು ಲೆಕ್ಕ ತಾಳೆ. ಫೇಸಿನಲ್ಲಿ ಎಷ್ಟು ಕರೆಂಟು ಹೋಯಿತೋ ನ್ಯೂಟ್ರಲ್ಲಿನಲ್ಲಿ ಅಷ್ಟೇ ವಾಪಸ್ ಬರಬೇಕು. 30 ಮಿಲಿಆಂಪ್ ವ್ಯತ್ಯಾಸ ಬಂತೋ, ಎಲ್ಲೋ ಸೋರಿದೆ ಅಂತ ಬೀಳುತ್ತದೆ. ಓವರ್‌ಲೋಡು, ಶಾರ್ಟ್ ಅದಕ್ಕೆ ಸಂಬಂಧವಿಲ್ಲ, ಅದು ಎಂಸಿಬಿಯ ಕೆಲಸ.

ಮೇಷ್ಟ್ರ ಮನೆಯವರ ದೂರು ಏನಂದರೆ, ಮಿಕ್ಸಿ ಹಾಕಿದ ಕೂಡಲೇ ಬೀಳುತ್ತಿತ್ತು. ಮಿಕ್ಸಿ ರಿಪೇರಿಗೆ ಕೊಟ್ಟರು. ಹೊಸ ಮಿಕ್ಸಿ ತಂದರು. ಅದಕ್ಕೂ ಬಿತ್ತು. ಗ್ರೈಂಡರಿಗೂ ಬಿತ್ತು. ಹಾಗಾಗಿ "ಆರ್‌ಸಿಸಿಬಿಯೇ ಹಾಳು" ಅಂತ ತೀರ್ಮಾನ.

ಆರ್‌ಸಿಸಿಬಿ ಜೋಡಿಸಿ ಎಲ್ಲಾ ಎಂಸಿಬಿ ಆಫ್ ಮಾಡಿದೆ. ನಿಂತಿತು. ಅಡುಗೆಮನೆಯದು ಒಂದೇ ಆನ್ ಮಾಡಿ ಮಿಕ್ಸಿ ಹಾಕಿದೆ. ಬಿತ್ತು. ಸಾಮಾನ್ಯ ವೈರ್‌ಮನ್ ಇಲ್ಲಿಗೆ ಅಡುಗೆಮನೆ ಲೈನ್ ಹಾಳು ಅಂತ ನಿಲ್ಲಿಸುತ್ತಾನೆ. ಆದರೆ ಅಡುಗೆಮನೆ ಲೈನಿಗೆ ಮೆಗ್ಗರ್ ಹಾಕಿದರೆ ಚೊಕ್ಕ ಇದೆ.

ಮನೆಯ ಎಂಸಿಬಿಗಳು ಸಿಂಗಲ್ ಪೋಲ್. ಆಫ್ ಮಾಡಿದರೆ ಫೇಸ್ ಮಾತ್ರ ಕಡಿಯುತ್ತದೆ. ಎಲ್ಲಾ ಕೋಣೆಯ ನ್ಯೂಟ್ರಲ್ ವೈರುಗಳು ಡಿಬಿಯ ಒಂದೇ ಲೋಹದ ಪಟ್ಟಿಯಲ್ಲಿ ಒಟ್ಟಿಗೇ ಸೇರಿಕೊಂಡಿರುತ್ತವೆ. ಯಾವುದೋ ಒಂದು ಲೈನಿನ ನ್ಯೂಟ್ರಲ್ ಅರ್ಥಿಗೆ ತಾಗಿದ್ದರೆ, ಆ ಎಂಸಿಬಿ ಆಫ್ ಇದ್ದರೂ ತಾಗಿದ್ದು ತಾಗಿದ ಹಾಗೇ ಇರುತ್ತದೆ. ಮಿಕ್ಸಿಯಿಂದ ವಾಪಸ್ ಬರುವ ಕರೆಂಟಿನಲ್ಲಿ ಒಂದಿಷ್ಟು ಆ ದಾರಿ ಹಿಡಿದು ನೆಲಕ್ಕೆ ಹೋಗುತ್ತದೆ. ಲೆಕ್ಕ ತಪ್ಪುತ್ತದೆ. ಆರ್‌ಸಿಸಿಬಿ ಬೀಳುತ್ತದೆ. ಪಾಪ, ಮಿಕ್ಸಿಗೆ ಇದರಲ್ಲಿ ಏನೂ ಪಾಲಿಲ್ಲ.

ಹಾಗಾಗಿ ಮೇನ್ ಆಫ್ ಮಾಡಿ ನ್ಯೂಟ್ರಲ್ ಪಟ್ಟಿಯಿಂದ ಒಂದೊಂದೇ ವೈರು ಬಿಚ್ಚಿ, ಪ್ರತಿಯೊಂದಕ್ಕೂ ಅರ್ಥಿನ ಜೊತೆ ಮೆಗ್ಗರ್ ಹಾಕುತ್ತಾ ಹೋದೆ. ಐದನೆಯದು ಸಿಕ್ಕಿತು, ಸೊನ್ನೆ. ಕೊಟ್ಟಿಗೆಯ ಲೈನು. ಕೊಟ್ಟಿಗೆಗೆ ಹೋಗಿ ನೋಡಿದರೆ ಕಬ್ಬಿಣದ ಸ್ವಿಚ್ ಪೆಟ್ಟಿಗೆಯ ಅಂಚಿಗೆ ಸಿಕ್ಕಿ ಕಪ್ಪು ವೈರು ಹಿಸುಕಿತ್ತು. ಪೆಟ್ಟಿಗೆಗೆ ಅರ್ಥ್ ಇತ್ತು. ಮಳೆ ಬಂದಾಗ ತಾಗುತ್ತಿತ್ತು, ಒಣಗಿದಾಗ ಬಿಡುತ್ತಿತ್ತು, ಈ ವರ್ಷ ಪೂರ್ತಿಯೇ ತಾಗಿಕೊಂಡಿತ್ತು. ಒಂದೂವರೆ ಅಡಿ ವೈರು ಬದಲಿಸಿ, ತೂತಿಗೆ ರಬ್ಬರ್ ಬುಷ್ ಹಾಕಿದೆ. ಮಿಕ್ಸಿ ಹಾಕಿದರೆ ನಿಂತಿತು. ಅಮ್ಮ ಹಳೇ ಮಿಕ್ಸಿಯನ್ನು ಅಟ್ಟದಿಂದ ಇಳಿಸಿದರು.

ಅದೇ ಕೊಟ್ಟಿಗೆಯಲ್ಲಿ ಮೂರನೇ ಕೆಂಪು. ಬಲ್ಬಿನ ಹೋಲ್ಡರ್ ಒಡೆದು ತಾಮ್ರ ಕಾಣುತ್ತಿತ್ತು, ಹಾಲು ಕರೆಯುವವರ ತಲೆಗೆ ತಾಗುವ ಎತ್ತರದಲ್ಲಿ. ಹೊಸ ಹೋಲ್ಡರ್, ಮುಚ್ಚಿದ ವಾಟರ್‌ಪ್ರೂಫ್ ಗ್ಲೋಬು, ಎತ್ತರಕ್ಕೆ.

ನಾಲ್ಕನೇ ಕೆಂಪು ವೈರಿಂಗಿನ ಲೆಕ್ಕದಲ್ಲೇ ಬರುವುದಿಲ್ಲ. ಅಂಗಳದಲ್ಲಿ ಬಟ್ಟೆ ಒಣಗಿಸುವ ತಂತಿ. ಜಿಐ ತಂತಿ, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಒಂದು ತುದಿ ತೆಂಗಿನ ಮರಕ್ಕೆ, ಇನ್ನೊಂದು ತುದಿ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರು ಇಳಿಯುವ ಕಬ್ಬಿಣದ ಪೈಪಿಗೆ. ಸರ್ವಿಸ್ ವೈರಿನ ಮೇಲ್ಮೈ ಆ ಪೈಪಿನ ಬಾಯಿಗೆ ಉಜ್ಜಿ ತೆಳುವಾಗಿತ್ತು. ಮಳೆಯಲ್ಲಿ ಒದ್ದೆ ಬಟ್ಟೆ, ಬರಿಗಾಲು. ಲೆಕ್ಕದ ಪ್ರಕಾರ ಇನ್ನೊಂದು ತಪ್ಪಾಗಬೇಕು, ಹಳದಿ ಅನ್ನಬಹುದಿತ್ತು. ಆದರೆ ಆ ಇನ್ನೊಂದು ಇವತ್ತು ರಾತ್ರಿಯ ಗಾಳಿಗೇ ಆಗಬಹುದು. ಆ ಜಾಗ ಆರ್‌ಸಿಸಿಬಿಗಿಂತ ಮೊದಲು ಬರುವುದರಿಂದ ಅದೂ ಕಾಪಾಡುವುದಿಲ್ಲ. ಕಟಿಂಗ್ ಪ್ಲೇಯರಿನಲ್ಲಿ ಅಲ್ಲೇ ಕತ್ತರಿಸಿದೆ, ಮೊದಲು ಮೀಟರಿನಲ್ಲಿ ತಂತಿ ಪರೀಕ್ಷೆ ಮಾಡಿಕೊಂಡೇ. ಎರಡು ಮರದ ನಡುವೆ ನೈಲಾನ್ ಹಗ್ಗ ಕಟ್ಟಿಸಿದೆ. ಸರ್ವಿಸ್ ವೈರು ನಮ್ಮ ಸೊತ್ತಲ್ಲ, ಅದನ್ನು ನಾನು ಮುಟ್ಟುವಂತಿಲ್ಲ. ವಿದ್ಯುತ್ ಕಂಪನಿಯ 1912ಕ್ಕೆ ಫೋನ್ ಮಾಡಿ ದೂರು ಬರೆಸಿ, ನಂಬರ್ ಗೋಡೆ ಕ್ಯಾಲೆಂಡರಿನ ಮೇಲೆ ಬರೆದಿಟ್ಟೆವು. ನಿಮ್ಮ ಮನೆಯಲ್ಲಿ ಬೇರೇನೂ ನೋಡದಿದ್ದರೂ ಬಟ್ಟೆ ತಂತಿ ಎಲ್ಲಿಗೆ ಕಟ್ಟಿದೆ ಅಂತ ಒಮ್ಮೆ ನೋಡಿ.

ಹಳದಿಗಳು

ಹಳದಿಯಲ್ಲಿ ಅತಿ ಹೆಚ್ಚು ಜಗಳ ಆಗುವುದು ಅರ್ಥ್ ಪಿಟ್ ಬಗ್ಗೆ. "ಪಿಟ್ ಇದೆಯಲ್ಲ, ಅಪ್ಪನ ಕಾಲದ್ದು" ಅಂದರು ಮೇಷ್ಟ್ರು. ಇದೆ. ಅರ್ಥ್ ಟೆಸ್ಟರಿನಲ್ಲಿ ಅಳೆದರೆ 38 ಓಮ್. ನಮ್ಮದು ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ಒಣಗಿದರೆ ಕಲ್ಲೇ. ಲೆಕ್ಕ ಹಾಕಿ ತೋರಿಸಿದೆ. ಅವರು ಗಣಿತದ ಮೇಷ್ಟ್ರು, ಬೇಗ ಹಿಡಿದರು. 230 ವೋಲ್ಟನ್ನು 38ರಿಂದ ಭಾಗಿಸಿದರೆ 6 ಆಂಪ್. ಗೀಸರಿನ ಮೈಗೆ ನೇರ ಫೇಸ್ ತಾಗಿದರೂ ನೆಲಕ್ಕೆ ಹೋಗುವುದು 6 ಆಂಪ್. 16 ಆಂಪಿನ ಎಂಸಿಬಿಗೆ ಅದು ಮಾಮೂಲಿ ಲೋಡು, ಅದು ಬೀಳುವುದೇ ಇಲ್ಲ. ಗೀಸರ್ ಮೈ ಫೇಸ್ ಆಗಿಯೇ ಕೂತಿರುತ್ತದೆ. ಪಿಟ್ 5 ಓಮಿಗೆ ಇಳಿದರೂ 46 ಆಂಪ್. ಸಿ ಕರ್ವ್ ಅನ್ನುವ ಜಾತಿಯ 16 ಆಂಪ್ ಎಂಸಿಬಿ ತಕ್ಷಣ ಬೀಳಲು 80ರಿಂದ 160 ಬೇಕು.

"ಹಾಗಾದ್ರೆ ಅರ್ಥ್ ಮಾಡಿ ಏನು ಬಂತು?" ಅಂದರು. ಅದಕ್ಕೇ ಆರ್‌ಸಿಸಿಬಿ. 30 ಮಿಲಿಆಂಪಿಗೆ ಬೀಳುವುದಕ್ಕೆ 6 ಆಂಪ್ ಎಂದರೆ ಬೆಟ್ಟದಷ್ಟಾಯಿತು. ಎರಡೂ ಬೇಕು. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ.

ಪಿಟ್ ಸರಿಮಾಡಲು ಹಳೇದರಿಂದ ಮೂರು ಮೀಟರ್ ಆಚೆ, ಬಚ್ಚಲ ನೀರು ಹರಿದು ಸದಾ ತೇವ ಇರುವ ಕಡೆ, ಎರಡೂವರೆ ಮೀಟರ್ ಉದ್ದದ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ, ಎರಡು ಪಿಟ್ಟನ್ನೂ ಜಿಐ ಪಟ್ಟಿಯಲ್ಲಿ ಸೇರಿಸಿದೆ. 9 ಓಮ್ ಬಂತು. ಜಂಬಿಟ್ಟಿಗೆಯಲ್ಲಿ ಇದಕ್ಕಿಂತ ಆಸೆ ಪಡಲಿಲ್ಲ. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹಾಕಿ ಅಂದಿದ್ದೇನೆ.

ಇನ್ನೊಂದು ಹಳದಿ, ಹಳೇ ಮನೆಗಳಲ್ಲಿ ಸಾಮಾನ್ಯ. ಮೀಟರ್ ಬೋರ್ಡಿನಲ್ಲಿ ಎರಡು ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸು. ಒಂದು ಫೇಸಿಗೆ, ಇನ್ನೊಂದು ನ್ಯೂಟ್ರಲ್ಲಿಗೆ. ನ್ಯೂಟ್ರಲ್ ಫ್ಯೂಸು ಹೋದರೆ ಮನೆ ಕತ್ತಲಾಗುತ್ತದೆ. ಕರೆಂಟು ಹೋಯಿತು ಅಂದುಕೊಂಡು ಯಾರೋ ಹೋಲ್ಡರಿಗೆ ಕೈ ಹಾಕುತ್ತಾರೆ. ಫೇಸ್ ಅಲ್ಲೇ ಇರುತ್ತದೆ! ನ್ಯೂಟ್ರಲ್ಲಿನಲ್ಲಿ ಫ್ಯೂಸ್ ಇರಲೇಬಾರದು. ತೆಗೆದು ದಪ್ಪ ತಾಮ್ರದ ಲಿಂಕ್ ಹಾಕಬೇಕು. ಇದರ ತಮ್ಮನೇ ಸ್ವಿಚ್ಚಿಗೆ ಫೇಸ್ ಬದಲು ನ್ಯೂಟ್ರಲ್ ಕೊಟ್ಟಿರುವುದು. ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಟೆಸ್ಟರ್ ಹತ್ತುತ್ತದೆ. ಅಲ್ಲಿ ಮೂರು ಪಾಯಿಂಟ್ ಹಾಗಿದ್ದವು, ವೈರು ಅದಲು ಬದಲು ಮಾಡಿದರೆ ಮುಗಿಯಿತು.

ಪಂಪಿನ ಪಕ್ಕದ ಕೋಣೆಗೆ 1.5 ಸ್ಕ್ವೇರ್ ಎಂಎಂ ವೈರು, ಅದರ ಮೇಲೆ 32 ಆಂಪ್ ಎಂಸಿಬಿ. "ಪದೇ ಪದೇ ಬೀಳ್ತದೆ ಅಂತ ದೊಡ್ಡದು ಹಾಕಿದ್ರು." ಎಂಸಿಬಿ ಕಾಯುವುದು ವೈರನ್ನು. ವೈರಿಗಿಂತ ಎಂಸಿಬಿ ದೊಡ್ಡದಾದರೆ ಮೊದಲು ವೈರೇ ಸುಡುತ್ತದೆ. ಹೊಸ ವೈರು ಎಳೆಯುವುದು ವಾರ ತಡವಾಗಲಿ, 10 ಆಂಪ್ ಎಂಸಿಬಿಯನ್ನು ಅವತ್ತೇ ಹಾಕಿಬಿಟ್ಟೆ. ಹಳದಿಯನ್ನು ಎರಡು ನಿಮಿಷದಲ್ಲಿ ಹಸಿರು ಮಾಡಲು ಬರುವುದಾದರೆ ಕಾಯುವುದು ಯಾಕೆ? ಈಗ ಅಲ್ಲಿ ಹೀಟರ್ ಹಾಕಿದರೆ ಬೀಳುತ್ತದೆ. ಬೀಳಲಿ.

ಗ್ರೈಂಡರಿನ ಸುಟ್ಟ ಸಾಕೆಟ್, ಎರಡು ಪಿನ್ನಿನಲ್ಲಿ ಓಡುತ್ತಿದ್ದ ವಾಷಿಂಗ್ ಮೆಷಿನ್, ಇವಕ್ಕೆ ಹೆಚ್ಚು ಹೇಳುವುದಿಲ್ಲ. ಸಾಕೆಟ್ ಬದಲಿಸುವಾಗ ಸುಟ್ಟು ಗಡುಸಾದ ವೈರಿನ ತುದಿಯನ್ನೂ ಕತ್ತರಿಸಿ ಹೊಸ ತಾಮ್ರ ತೆಗೆಯಬೇಕು, ಇಲ್ಲಾಂದ್ರೆ ಹೊಸ ಸಾಕೆಟ್ಟೂ ಆರು ತಿಂಗಳಿಗೆ ಸುಡುತ್ತದೆ.

ಅಟ್ಟದ ಕಪ್ಪು

ಅಟ್ಟದ ಲೈಟಿನ ಲೈನು 0.3 ಮೆಗಾಓಮ್ ತೋರಿಸಿತು. ಎಲ್ಲಿ ಅಂತ ಕಾಣುವುದಿಲ್ಲ. ಮೇಲೆ ಸಿಪ್ಪೆಗೋಟಿನ (ಸಿಪ್ಪೆ ಸಮೇತ ಒಣಗಿಸಿದ ಅಡಿಕೆಯ) ಮೂಟೆ, ಇಲಿ ಹಿಕ್ಕೆ. ಗೊತ್ತಿಲ್ಲದ್ದಕ್ಕೆ ಅಂದಾಜಿನಲ್ಲಿ ಹಳದಿ ಕೊಡಬಾರದು. ಅದಕ್ಕೇ ಕಪ್ಪು. ಆದರೆ ಕಪ್ಪು ಅಂದರೆ ಹಾಗೇ ಬಿಟ್ಟು ಹೋಗುವುದಲ್ಲ. ಗೊತ್ತಾಗುವ ತನಕ ಆ ಲೈನಿನ ಫೇಸು ನ್ಯೂಟ್ರಲ್ ಎರಡನ್ನೂ ಡಿಬಿಯಲ್ಲಿ ಬಿಚ್ಚಿ, ತುದಿಗೆ ಟೇಪು ಸುತ್ತಿ, ಬ್ಯಾಟರಿ ಹಿಡಿದು ಅಟ್ಟ ಹತ್ತಿ ಅಂದೆ. ಎಂಟು ದಿನದ ಮೇಲೆ ಮೂಟೆ ಸರಿಸಿ ನೋಡಿದಾಗ ತೊಲೆಯ ಹಿಂದೆ ಗೇಣುದ್ದ ಬರಿ ತಾಮ್ರ, ಸುತ್ತ ಒಣ ಸಿಪ್ಪೆ. ಕೆಂಪೇ ಆಗಿತ್ತು ಅದು. ಆ ಲೈನಿನ ಹಳೇ ವೈರು ಪೂರ್ತಿ ಕಿತ್ತು ಗಟ್ಟಿ ಪಿವಿಸಿ ಪೈಪಿನಲ್ಲಿ ಹೊಸದು ಹಾಕಿದೆ.

ನೀವು ಮಾಡಬಹುದಾದದ್ದು, ಮಾಡಬಾರದ್ದು

ಆಫ್ ಮಾಡುವುದು, ಪ್ಲಗ್ ಕೀಳುವುದು, ಮೂಸಿ ನೋಡುವುದು, ಟೆಸ್ಟ್ ಬಟನ್ ಒತ್ತುವುದು, ಬಿಂದಿ ಅಂಟಿಸುವುದು. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಡಿಬಿ ಮುಚ್ಚಳ ಬಿಚ್ಚುವುದು, ವೈರಿಗೆ ಕೈ ಹಾಕುವುದು ಲೈಸೆನ್ಸ್ ಇದ್ದವರ ಕೆಲಸ. ನಮ್ಮ ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯದಿಂದ ಪರ್ಮಿಟ್ ಕೊಡುತ್ತಾರೆ. ತೋರಿಸಿ ಅಂತ ಕೇಳಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಬಂದವರು ಸರಿಯಾಗಿ ಕೆಲಸ ಮಾಡುತ್ತಾರಾ ಅಂತ ತಿಳಿಯಲು ಮೂರು ಗಮನಿಸಿ. ಮೇನ್ ಆಫ್ ಮಾಡಿದ ಮೇಲೆ ಯುಪಿಎಸ್ ಕೂಡ ಆಫ್ ಮಾಡಿದರಾ? ಮೇನ್ ಆಫ್ ಇದ್ದರೂ ಬ್ಯಾಟರಿಯಿಂದ 230 ವೋಲ್ಟ್ ಬರುತ್ತಿರುತ್ತದೆ, ನನ್ನ ಜೊತೆಯವನೊಬ್ಬ ಏಣಿಯಿಂದ ಬಿದ್ದದ್ದು ಹಾಗೇ. ಕೈ ಹಾಕುವ ಮೊದಲು ಮೀಟರನ್ನು ಕರೆಂಟಿರುವ ಕಡೆ ಹಿಡಿದು ಅದು ಸರಿ ಇದೆಯಾ ಅಂತ ನೋಡಿಕೊಂಡರಾ? ಕಿಟ್‌ಕ್ಯಾಟ್ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡರಾ? ನಾನು ಯಾವಾಗಲೂ ಜೇಬಿಗೇ ಹಾಕುವುದು. ನಾನು ಅಟ್ಟದಲ್ಲಿದ್ದಾಗ ಕೆಳಗೆ ಯಾರೋ ಒಳ್ಳೆ ಮನಸ್ಸಿನಿಂದ "ಕರೆಂಟು ಹೋಗಿದೆ" ಅಂತ ಮೇನ್ ಎತ್ತಬಾರದು ನೋಡಿ.

ಹಸಿರು

ಆರು ಹಸಿರು. ಜಗಲಿಯ ಮರದ ಪಟ್ಟಿ, ದುಂಡು ಸ್ವಿಚ್ಚು, ಟಿವಿಗೆ ಎಕ್ಸ್‌ಟೆನ್ಷನ್ ಬೋರ್ಡು, ಕೋಣೆಗಳಲ್ಲಿ ಸಾಕೆಟ್ ಕಮ್ಮಿ, ಸಿಡಿಲಿನ ಊರಿನಲ್ಲಿ ಸರ್ಜ್ ಪ್ರೊಟೆಕ್ಟರ್ ಇಲ್ಲದಿರುವುದು, ಡಿಬಿಯಲ್ಲಿ ಯಾವ ಎಂಸಿಬಿ ಯಾವ ಕೋಣೆಗೆ ಅಂತ ಬರೆಯದಿರುವುದು. ಕೊನೆಯದನ್ನು ಮಾರ್ಕರ್ ಪೆನ್ನಿನಲ್ಲಿ ಅಲ್ಲೇ ಬರೆದು ಮುಗಿಸಿದೆ. ಜಗಲಿಯ ವೈರಿಂಗಿಗೆ ಮೆಗ್ಗರ್ ಹಾಕಿದರೆ 20 ಮೆಗಾಓಮ್ ದಾಟಿತು. ಮೇಷ್ಟ್ರ ಅಪ್ಪನ ಕಾಲದಲ್ಲಿ ಮಾಡಿದವರು ತೇಗದ ಪಟ್ಟಿಯೊಳಗೆ ಒಂದು ಜಾಯಿಂಟ್ ಕೂಡ ಇಲ್ಲದ ಹಾಗೆ ಮಾಡಿದ್ದರು. ಈಗ ಹಾಗೆ ಮಾಡುವವರು ಯಾರಿದ್ದಾರೆ?

ಎಲ್ಲಾ ಮುಗಿದ ಮೇಲೆ ಮೊದಲಿನಿಂದ ಮತ್ತೆ ಅಳೆದೆ. ಪ್ರತಿ ಸಾಕೆಟ್ಟಿನ ಮೂರು ಅಂಕಿ, ಪ್ರತಿ ಲೈನಿನ ಮೆಗಾಓಮ್, ಪಿಟ್ಟಿನ ಓಮ್, ಎಲ್ಲವನ್ನೂ ತಾರೀಖು ಹಾಕಿ ಡಿಬಿ ಬಾಗಿಲ ಒಳಗೆ ಅಂಟಿಸಿದೆ. ಮುಂದಿನ ಸಲ ನಾನೇ ಬರಲಿ ಬೇರೆಯವರೇ ಬರಲಿ, ಹೋಲಿಸಿ ನೋಡಲು ಬೇಕಲ್ಲ.

ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಬೇಕು, ಒತ್ತಿದಾಗ ಮನೆಯ ಲೈಟೂ ಆರಬೇಕು ಅಂತ ಹೇಳಿದೆ. ಆ ಕೆಲಸ ಅಮ್ಮ ವಹಿಸಿಕೊಂಡರು. "ತಾರೀಖು ನೆನಪಿರಲ್ಲ, ಸಂಕಷ್ಟಿ ದಿನ ಒತ್ತುತೀನಿ" ಅಂದರು. ಹಾಗೇ ನಡೆಸುತ್ತಿದ್ದಾರೆ. ಮೇಷ್ಟ್ರು ಟಿವಿ ನೋಡುವ ಹೊತ್ತಿಗೇ ಒತ್ತುತ್ತಾರಂತೆ, ಅದರ ಬಗ್ಗೆ ಸ್ವಲ್ಪ ಜಗಳ ಇದೆ.

ಜಗಲಿ ಇನ್ನೂ ಹಾಗೇ ಇದೆ. ದೀಪಾವಳಿ ಆದ ಮೇಲೆ ಬರುತ್ತೇನೆ ಅಂದಿದ್ದೇನೆ. ಮರದ ಪಟ್ಟಿಗೆ ಬರೀ ವಾರ್ನಿಷ್ ಹೊಡೆದರೆ ಸಾಕಾ ಅಂತ ಈಗ ಮೇಷ್ಟ್ರೇ ಕೇಳುತ್ತಿದ್ದಾರೆ.